ಶವರ್ ನೀರಿಗೆ ಯಾವ ಟ್ರ್ಯಾಪ್ ಹಾಕಿಸಲಿ? ಮಂಗಳವಾರ ನೆಲ ಅಗೆಯುತ್ತಾರೆ

ಕೋಡಿಬಾಗದ ಮನೆ
ಕಾರವಾರದಲ್ಲಿ ನಮ್ಮದು ಚಿರೆಕಲ್ಲಿನ ಹಳೇ ಮನೆ. ಬಚ್ಚಲಿನ ಹಂಡೆ ಒಲೆ ತೆಗೆಸಿ ಶವರ್ ಕೂರಿಸುತ್ತಿದ್ದೇವೆ. ಅಮ್ಮನಿಗೆ ಮೊಣಕಾಲು ನೋವು, ಬಗ್ಗಿ ಚೊಂಬಿನಲ್ಲಿ ನೀರು ಹೊಯ್ದುಕೊಳ್ಳಲು ಆಗುವುದಿಲ್ಲ. ನೀರು ಹೋಗುವ ಬಾಯಿಗೆ ಚರಂಡಿ ನಾತ ತಡೆಯುವ ಟ್ರ್ಯಾಪ್ ಹಾಕಿಸಬೇಕು. ಗೌಂಡಿ, "ಬಟ್ಟಲು ಮುಚ್ಚುವ ಬೆಲ್ ಟ್ರ್ಯಾಪ್ ಸಾಕು, ಜಾಸ್ತಿ ಅಗೆಯುವುದು ಬೇಡ" ಎಂದರು. ಅಂಗಡಿಯವರು ಬಾಗಿದ ಪೈಪಿನ ಪಿ ಟ್ರ್ಯಾಪ್ ಒಯ್ಯಿರಿ ಎನ್ನುತ್ತಾರೆ. ನೀರು ಗೋಡೆ ದಾಟಿ ಮೂರು ಮೀಟರ್ ದೂರದ ಗಲ್ಲಿ ಟ್ರ್ಯಾಪಿಗೆ (ಮನೆ ಹೊರಗೆ ಬಚ್ಚಲ ನೀರು ಸೇರುವ ಗುಂಡಿ) ಹೋಗಬೇಕು. ಮಗ ದಿನಾ ಕಡಲ ದಂಡೆಯಿಂದ ಕಾಲ್ತುಂಬ ಮರಳು ತರುತ್ತಾನೆ. ಒಮ್ಮೆ ಟೈಲ್ಸ್ ಹಾಕಿದ ಮೇಲೆ ಒಡೆಯುವುದು ಬೇಡ ಅಂತ ಈಗಲೇ ಕೇಳುತ್ತಿದ್ದೇನೆ.

ಶಿರಸಿ ಪ್ಲಂಬರ್
ಅಕ್ಕ, ಪಿ ಟ್ರ್ಯಾಪೇ ಹಾಕಿಸಿ. ಬಾಗಿದ ಜಾಗದಲ್ಲಿ ನಿಲ್ಲುವ ನೀರೇ ನಾತವನ್ನೂ ಜಿರಳೆಯನ್ನೂ ತಡೆಯುವ ಬಾಗಿಲು. ಆ ನೀರು ಕನಿಷ್ಠ 50 ಮಿ.ಮೀ. ಆಳ ಇರಬೇಕು. ಬೆಲ್ ಟ್ರ್ಯಾಪಿನಲ್ಲಿ ಅಷ್ಟು ನಿಲ್ಲುವುದು ಕಡಿಮೆ. ಕೂದಲು ಸಿಕ್ಕಿಕೊಂಡು ನೀರು ಕಟ್ಟಿದರೆ ಮನೆಯವರು ಬಟ್ಟಲು ಎತ್ತಿ ಕಿಟಕಿ ಮೇಲೆ ಇಡುತ್ತಾರೆ. ಎಷ್ಟು ಮನೆಯಲ್ಲಿ ನೋಡಿದ್ದೇನೆ, ಬಟ್ಟಲು ಅಲ್ಲೇ ಸೋಪಿನ ಪಕ್ಕ ಒಣಗಿ ಕೂತಿರುತ್ತದೆ. ಕೆಳಗೆ ಪೈಪ್ ಬಾಯಿ ತೆರೆದೇ ಇರುತ್ತದೆ.

ಎಸ್ ಟ್ರ್ಯಾಪ್ ನಿಮಗೆ ಬೇಡ. ಅದರ ಪೈಪ್ ನೇರ ಕೆಳಗಿಳಿಯುತ್ತದೆ, ನೀರು ರಭಸದಿಂದ ಹೋದಾಗ ನಿಂತ ನೀರನ್ನೂ ಎಳೆದುಕೊಂಡು ಹೋಗಬಹುದು. ನಿಮ್ಮದು ಗೋಡೆ ಕಡೆ ಹೋಗುವ ಲೈನ್, ಪಿ ಸರಿ ಹೊಂದುತ್ತದೆ.

ಪೈಪ್ 75 ಮಿ.ಮೀ. ಇರಲಿ. ಮೀಟರಿಗೆ 2 ಸೆಂ.ಮೀ. ಇಳಿಜಾರು ಕೊಡಿ, ಮೂರು ಮೀಟರಿಗೆ 6 ಸೆಂ.ಮೀ. ಅಗೆಯುವ ಮೊದಲೇ ಲೆವೆಲ್ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿಯ ಎತ್ತರ ಅಳೆಯಿರಿ. ಗಲ್ಲಿ ಟ್ರ್ಯಾಪ್ ಎತ್ತರದಲ್ಲಿದ್ದರೆ ಟ್ರ್ಯಾಪ್ ಎಷ್ಟು ಒಳ್ಳೆಯದಾದರೂ ನೀರು ಹೋಗುವುದಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ.

ಟೈಲ್ಸ್ ಕೂರಿಸುವ ಮುನ್ನ ಪೈಪಿನ ಗಲ್ಲಿ ಟ್ರ್ಯಾಪ್ ಕಡೆಯ ತುದಿಗೆ ಬಿರಡೆ ಹಾಕಿ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಗ್ಗೆ ನೀರು ಇಳಿದಿದ್ದರೆ ಎಲ್ಲೋ ಜಾಯಿಂಟ್ ಸೋರುತ್ತಿದೆ ಎಂದರ್ಥ. ಚಿರೆಕಲ್ಲು ನೀರು ಕುಡಿಯುವ ಕಲ್ಲು, ಸೋರಿದರೆ ಗೋಡೆ ವರ್ಷವಿಡೀ ಹಸಿ ಇರುತ್ತದೆ.

ಅಂಕೋಲೆಯ ಅಮ್ಮ
ಜಾಲರಿ ಎತ್ತಿ ಕೈ ಹಾಕಿ ತೆಗೆಯುವ ಹಾಗಿರಲಿ ತಂಗಿ, ಮರಳು ಟ್ರ್ಯಾಪಿನ ತಳದಲ್ಲೇ ಕೂರುತ್ತದೆ. ವಾರಕ್ಕೊಮ್ಮೆ ತೆಗೆಯಲೇಬೇಕು. ಸ್ಟೀಲ್ ಜಾಲರಿಯಾದರೆ 316 ದರ್ಜೆಯ ಸ್ಟೀಲ್ ಕೇಳಿ. ನಮ್ಮಲ್ಲಿ 304 ಹಾಕಿ ಎರಡು ಮಳೆಗಾಲಕ್ಕೆ ಕಂದು ಚುಕ್ಕಿ ಬಂತು, ಉಪ್ಪುಗಾಳಿ ಅಲ್ವಾ.

ಇನ್ನೊಂದು ಮಾತು. ಹೋದ ಬೇಸಿಗೆಯಲ್ಲಿ ಎರಡು ತಿಂಗಳು ಬೆಂಗಳೂರಿನಲ್ಲಿದ್ದೆವು. ಬಾಗಿಲು ತೆಗೆದಾಗ ಮನೆಯೆಲ್ಲಾ ಚರಂಡಿ ನಾತ. ಟ್ರ್ಯಾಪಿನ ನೀರು ಆರಿಹೋಗಿತ್ತು, ಅಷ್ಟೇ. ಈಗ ಊರಿಗೆ ಹೋಗುವಾಗ ಒಂದು ಚೊಂಬು ನೀರು ಹಾಕಿ ಮೇಲೆ ಎರಡು ಚಮಚ ತೆಂಗಿನೆಣ್ಣೆ ಬಿಡುತ್ತೇನೆ. ನೀರು ಬೇಗ ಆರುವುದಿಲ್ಲ.

ಕೋಡಿಬಾಗದ ಮನೆ
ಅಣ್ಣ, ಅಕ್ಕ, ಇಬ್ಬರಿಗೂ ಧನ್ಯವಾದ. ಸಂಜೆ ಲೆವೆಲ್ ಪೈಪ್ ಹಿಡಿದು ಅಳೆದೆ. ಪಿ ಟ್ರ್ಯಾಪಿನ ಪೈಪ್ ಹೊರಡುವ ಜಾಗಕ್ಕಿಂತ ಗಲ್ಲಿ ಟ್ರ್ಯಾಪಿಗೆ ಪೈಪ್ ಸೇರುವ ಜಾಗ 9 ಸೆಂ.ಮೀ. ಕೆಳಗಿದೆ. 6 ಬೇಕಿತ್ತು, ಸಾಕಾಯಿತು. ಗೌಂಡಿಗೆ ಫೋನ್ ಮಾಡಿ ಒಂದು ದಿನ ಜಾಸ್ತಿ ಅಗೆಯಿರಿ ಎಂದೆ, ಒಪ್ಪಿದರು. ನೀರು ತುಂಬಿಟ್ಟು ನೋಡಿದ ಮೇಲೇ ಟೈಲ್ಸ್.