ಇಪ್ಪತ್ತೆರಡು ಗುಂಪುಗಳಲ್ಲಿ ಯಾವುದು ಉಳಿಯಬೇಕು

ಮಗಳೇ, ನಿನ್ನೆ ರಾತ್ರಿ ನೀನು ಇಲ್ಲಿ, ನಮ್ಮ ಮನೆಯವರ ಗುಂಪಿನಲ್ಲಿ, ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ಎದ್ದೊಡನೆ ಓದಿದೆ. ಡೇಟಾ ವಿಶ್ಲೇಷಣೆಯ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು, ಆನ್‌ಲೈನಿನಲ್ಲಿ ಇಪ್ಪತ್ತೆರಡು ವೃತ್ತಿಪರ ಗುಂಪುಗಳಿಗೆ ಸೇರಿದ್ದೇನೆ, ದಿನವಿಡೀ ಸಂದೇಶಗಳು ಬಂದು ಬೀಳುತ್ತವೆ, ಆದರೂ ಒಬ್ಬರ ಪರಿಚಯವೂ ಆಗಿಲ್ಲ, ಇನ್ನು ಯಾವ ಗುಂಪಿಗೆ ಸೇರಲಿ ಎಂದು ಕೇಳಿದ್ದೀಯ. ಅದಕ್ಕೆ ಭಾವನವರು, ಇದೆಲ್ಲ ಕಾಲಹರಣ, ಎಲ್ಲ ಬಿಟ್ಟು ಕೆಲಸದ ಕಡೆ ಗಮನ ಕೊಡು ಎಂದು ಉತ್ತರಿಸಿದ್ದಾರೆ. ಭಾವ, ಇಪ್ಪತ್ತೆರಡರಲ್ಲಿ ಹತ್ತೊಂಬತ್ತನ್ನು ಬಿಡಬೇಕು ಎನ್ನುವಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಉಳಿದ ಮೂರನ್ನೂ ಬಿಟ್ಟರೆ ಅವಳಿಗೆ ನಿಜವಾಗಿ ನಷ್ಟವಾಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಅಪರಿಚಿತರ ಗುಂಪು ಏಕೆ ಬೇಕು ಎಂಬುದನ್ನು ನೋಡೋಣ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಮೆರಿಕದ ಬಾಸ್ಟನ್ ಬಳಿಯ ಪಟ್ಟಣವೊಂದರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದಿದ್ದ ವೃತ್ತಿಪರರನ್ನು ಅವರು ಮಾತನಾಡಿಸಿದ್ದರು. ಆ ಕೆಲಸದ ಸುದ್ದಿ ಕೊಟ್ಟವರನ್ನು ಆಗ ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದಾಗ, ಪದೇ ಪದೇ ಎಂದವರು ಶೇಕಡಾ 17ರಷ್ಟು ಮಾತ್ರ, ಅಪರೂಪಕ್ಕೆ ಎಂದವರು ಶೇಕಡಾ 28ರಷ್ಟು, ಉಳಿದ ಅರ್ಧಕ್ಕಿಂತ ಹೆಚ್ಚು ಮಂದಿ ಆಗೊಮ್ಮೆ ಈಗೊಮ್ಮೆ ಎಂದರು. ನಮ್ಮ ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ, ಬೇರೆ ವಲಯದ ಸುದ್ದಿ ತರುವವರು ದೂರದ ಪರಿಚಿತರೇ. ವೃತ್ತಿಪರರ ಸಂಪರ್ಕ ತಾಣವಾದ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಐದು ವರ್ಷ ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ತುಸು ತಿದ್ದಿ ಹೇಳಿತು. ತೀರಾ ಆಪ್ತರಿಗಿಂತ, ಇಬ್ಬರಿಗೂ ಸ್ನೇಹಿತರಾದವರು ಒಂದಷ್ಟು ಇದ್ದರೂ ಒಡನಾಟ ಕಡಿಮೆಯಿರುವವರಿಂದಲೇ ಹೊಸ ಕೆಲಸ ಸಿಗುವ ಸಾಧ್ಯತೆ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಈ ಒಂದಷ್ಟು ಎಂಬುದನ್ನು ಮರೆಯಬೇಡ. ಐವತ್ತು ಸಾವಿರ ಸದಸ್ಯರ ಗುಂಪಿನಲ್ಲಿ ನೀನು ಬರೀ ಒಂದು ಹೆಸರಾಗಿದ್ದರೆ ಅದು ಪರಿಚಯವೇ ಅಲ್ಲ. ನಿನ್ನ ಹೆಸರು ಕಂಡಾಗ "ಇವರು ಅಂದು ಆ ಪ್ರಶ್ನೆ ಕೇಳಿದವರಲ್ಲವೇ" ಎಂದು ಯಾರಿಗಾದರೂ ನೆನಪಾಗುವಷ್ಟು ಪರಿಚಯ ಬೇಕು.

ಆದ್ದರಿಂದ ಗುಂಪನ್ನು ಅಳೆಯುವಾಗ ಸದಸ್ಯರ ಸಂಖ್ಯೆ ನೋಡಬೇಡ. ನಾನು ನೋಡುವುದು ಒಂದೇ ವಿಷಯ, ಅಲ್ಲಿ ಹೊಸಬರೊಬ್ಬರು ಪ್ರಶ್ನೆ ಕೇಳಿದಾಗ ಏನಾಗುತ್ತದೆ ಎಂಬುದು. ಸೇರಿದ ಮೇಲೆ ಎರಡು ವಾರ ಏನೂ ಬರೆಯದೆ ಹಳೆಯ ಸಂದೇಶಗಳನ್ನು ಹಿಂದಕ್ಕೆ ಸರಿಸಿ ಓದು. ಪ್ರಶ್ನೆಗೆ ಉತ್ತರ ಬಂದಿದೆಯೇ, ಉತ್ತರಿಸಿದವರು "ನೀವು ಯಾವ ಆವೃತ್ತಿ ಬಳಸುತ್ತಿದ್ದೀರಿ, ಎರರ್‌ ಸಂದೇಶ ಏನು ಬರುತ್ತಿದೆ" ಎಂದು ಮರಳಿ ಕೇಳುವಷ್ಟು ತಾಳ್ಮೆ ತೋರಿಸಿದ್ದಾರೆಯೇ, ಕೊನೆಗೆ ಕೇಳಿದವರು ಬಂದು "ಸರಿಹೋಯಿತು, ಹೀಗೆ ಮಾಡಿದೆ" ಎಂದು ಬರೆದಿದ್ದಾರೆಯೇ ಎಂದು ಗಮನಿಸು. ಈ ಮೂರೂ ಇರುವ ಗುಂಪು ಇನ್ನೂರು ಜನರದ್ದಾದರೂ ಅಲ್ಲಿ ಉಳಿದುಕೋ. ಪ್ರಶ್ನೆಗಳೆಲ್ಲ ಅನಾಥವಾಗಿ ಬಿದ್ದಿದ್ದು, ನಡುನಡುವೆ ಕೋರ್ಸುಗಳ ಜಾಹೀರಾತು, ಶುಭೋದಯದ ಚಿತ್ರ, ತಮ್ಮದೇ ಲೇಖನದ ಲಿಂಕ್ ಎಸೆದು ಹೋಗುವವರು ತುಂಬಿದ್ದರೆ ಆ ದಿನವೇ ಹೊರಗೆ ಬಾ.

ನಿಯಮಗಳು ಜಾರಿಯಲ್ಲಿವೆಯೇ ಎಂಬುದೂ ಮುಖ್ಯ. ನನ್ನ ತಾಂತ್ರಿಕ ಬರವಣಿಗೆಯ, ಅಂದರೆ ತಂತ್ರಾಂಶಗಳ ಕೈಪಿಡಿ ಬರೆಯುವ, ಕ್ಷೇತ್ರದಲ್ಲಿ ರೈಟ್ ದಿ ಡಾಕ್ಸ್ ಎಂಬ ಸಮುದಾಯವಿದೆ, ಅದರ ಮೊದಲ ಸಮಾವೇಶ ನಡೆದದ್ದು 2013ರಲ್ಲಿ. ಸ್ಲ್ಯಾಕ್ ಎಂಬ ಸಂದೇಶ ತಾಣದಲ್ಲಿರುವ ಅವರ ಗುಂಪಿನಲ್ಲಿ ಉದ್ಯೋಗದ ಪ್ರಕಟಣೆಗಳಿಗೆಂದೇ ಬೇರೆ ಚಾನೆಲ್ ಇದೆ. ಇದು ಸಣ್ಣ ಏರ್ಪಾಡಿನಂತೆ ಕಾಣಬಹುದು, ಆದರೆ ಹೀಗೆ ಬೇರ್ಪಡಿಸದ ಗುಂಪುಗಳಲ್ಲಿ ಕೆಲವೇ ತಿಂಗಳಲ್ಲಿ "ನನ್ನ ರೆಸ್ಯೂಮೆ ನೋಡಿ" ಎಂಬ ಸಂದೇಶಗಳ ರಾಶಿಯಲ್ಲಿ ಕೆಲಸದ ಚರ್ಚೆ ಹೂತುಹೋಗುವುದನ್ನು ನಾನೇ ಕಂಡಿದ್ದೇನೆ.

ಇಂಥ ಗುಂಪುಗಳನ್ನು ಹುಡುಕುವುದು ಎಲ್ಲಿ ಎಂದರೆ, ಲಿಂಕ್ಡ್‌ಇನ್‌ನಲ್ಲಿ ನಿನ್ನ ಕ್ಷೇತ್ರದ ಪದ ಹಾಕಿ ಗುಂಪುಗಳು ಎಂಬ ಫಿಲ್ಟರ್ ಒತ್ತಿದರೆ ಪಟ್ಟಿ ಸಿಗುತ್ತದೆ, ಆದರೆ ಅಲ್ಲಿ ಸತ್ತ ಗುಂಪುಗಳು ಬಹಳ. ಅದಕ್ಕಿಂತ ನೀನು ದಿನವೂ ಬಳಸುವ ಸಾಧನದ ಬೆನ್ನು ಹಿಡಿದು ಹೋಗುವುದು ಒಳ್ಳೆಯದು. ನೀನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುತ್ತೀಯ ಎಂದಿದ್ದೆ, ಅದನ್ನು ಬಳಸುವ ಮಹಿಳೆಯರದೇ ಆದ, 2012ರಲ್ಲಿ ಆರಂಭವಾದ ಆರ್-ಲೇಡೀಸ್ ಇದೆ. ಪೈಥಾನ್‌ ಎಂಬ ಇನ್ನೊಂದು ಭಾಷೆ ಬಳಸುವ ಮಹಿಳೆಯರಿಗೆ ಅದಕ್ಕೂ ಒಂದು ವರ್ಷ ಮೊದಲೇ ಹುಟ್ಟಿದ ಪೈಲೇಡೀಸ್ ಇದೆ. ಎರಡಕ್ಕೂ ಬೇರೆ ಬೇರೆ ದೇಶಗಳಲ್ಲಿ ಶಾಖೆಗಳಿವೆ. 1947ರಲ್ಲಿ ಸ್ಥಾಪನೆಯಾದ, ಕಂಪ್ಯೂಟರ್ ಕ್ಷೇತ್ರದವರ ಎಸಿಎಂನಂಥ ಹಳೆಯ ವೃತ್ತಿ ಸಂಘಗಳಲ್ಲಿ ವಿಷಯವಾರು ವಿಶೇಷ ಆಸಕ್ತಿ ಗುಂಪುಗಳಿದ್ದು, ದತ್ತಾಂಶ ಶೋಧನೆಗೂ (ಡೇಟಾ ಮೈನಿಂಗ್) ಒಂದಿದೆ. ಸದಸ್ಯತ್ವಕ್ಕೆ ಶುಲ್ಕವಿದೆ, ನಿಜ, ಆದರೆ ಹಣ ಎಲ್ಲಿಗೆ ಹೋಗುತ್ತದೆ, ಪದಾಧಿಕಾರಿಗಳು ಯಾರು ಎಂಬುದು ಅಲ್ಲಿ ಬಹಿರಂಗವಾಗಿರುತ್ತದೆ. ಇವೆಲ್ಲಕ್ಕಿಂತ ಸುಲಭದ ದಾರಿಯೊಂದಿದೆ. ನಿನ್ನ ಕಚೇರಿಯಲ್ಲಿ ನೀನು ಗೌರವಿಸುವ ಹಿರಿಯ ಸಹೋದ್ಯೋಗಿಯನ್ನು, ಕೆಲಸ ಕಗ್ಗಂಟಾದಾಗ ನೀವು ಎಲ್ಲಿ ಕೇಳುತ್ತೀರಿ ಎಂದು ವಿಚಾರಿಸು.

ಹಣದ ಮಾತು ಬಂದಾಗ ನನಗಾದದ್ದನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ, ದೊಡ್ಡ ಕಂಪನಿಗಳಿಗೆ ನೇರ ಶಿಫಾರಸು ಮಾಡಿಸುತ್ತೇವೆ ಎಂದ ಒಂದು ಖಾಸಗಿ ಗುಂಪಿಗೆ ನಾನು ವರ್ಷದ ಶುಲ್ಕ ಕಟ್ಟಿದೆ. ಒಳಗೆ ಹೋದರೆ ಬೇರೆಡೆ ಉಚಿತವಾಗಿ ಸಿಗುವ ಉದ್ಯೋಗ ಪ್ರಕಟಣೆಗಳನ್ನೇ ಅಂಟಿಸುತ್ತಿದ್ದರು. ಪ್ರಶ್ನೆ ಕೇಳಿದಾಗ ನನ್ನನ್ನೇ ಗುಂಪಿನಿಂದ ತೆಗೆದರು, ಹಣ ಮರಳಿ ಬರಲಿಲ್ಲ. ಆ ನೋವು ಇನ್ನೂ ಇದೆ. ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವವರು, ವಿಡಿಯೋಗೆ ಲೈಕ್ ಒತ್ತಿದರೆ ಹಣ ಎಂದು ಟೆಲಿಗ್ರಾಂಗೆ ಕರೆಯುವವರು ಮೋಸಗಾರರೇ, ಅಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಇನ್ನೊಂದು ಮಾತು, ವಾಟ್ಸಾಪ್ ಗುಂಪಿಗೆ 1,024 ಮಂದಿಯವರೆಗೆ ಸೇರಬಹುದು, ಅಷ್ಟೂ ಜನಕ್ಕೆ ನಿನ್ನ ಫೋನ್ ನಂಬರ್ ಸಿಗಬಹುದು. ಪ್ರೈವಸಿ ಸೆಟ್ಟಿಂಗ್‌ನಲ್ಲಿ, ಸಂಪರ್ಕದಲ್ಲಿರುವವರು ಮಾತ್ರ ನನ್ನನ್ನು ಗುಂಪಿಗೆ ಸೇರಿಸಬಹುದು ಎಂಬುದನ್ನು ಇಂದೇ ಆರಿಸಿಕೋ.

ಇನ್ನು ಸೇರಿದ ಮೇಲೆ ಮಾತು ಆರಂಭಿಸುವ ಬಗೆ. ನಿನ್ನ ಕಷ್ಟವಿರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ನೀನು ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ "ಎಲ್ಲರಿಗೂ ನಮಸ್ಕಾರ, ನಾನು ಡೇಟಾ ಅನಲಿಸ್ಟ್, ನಿಮ್ಮೆಲ್ಲರ ಪರಿಚಯವಾಗಲಿ" ಎಂದಿದೆ. ಇದಕ್ಕೆ ಯಾರಾದರೂ ಏನೆಂದು ಉತ್ತರಿಸಬೇಕು, ಹೇಳು. ನಾನೂ ಮೊದಲು ಹಾಗೆಯೇ ಬರೆದು, ನಾಲ್ಕು ಚಪ್ಪಾಳೆಯ ಇಮೋಜಿ ಪಡೆದು ಸುಮ್ಮನಾಗಿದ್ದೆ. ಆಮೇಲೆ ಒಂದು ದಿನ ಕೆಲಸದಲ್ಲಿ ಸಿಕ್ಕಿಹಾಕಿಕೊಂಡು, "ನಮ್ಮ ತಂತ್ರಾಂಶದಲ್ಲಿ 140 ಎರರ್ ಕೋಡುಗಳಿವೆ, ಕೈಪಿಡಿಯಲ್ಲಿ ಸಂಖ್ಯೆಯ ಕ್ರಮದಲ್ಲಿ ಕೊಟ್ಟಿದ್ದೇನೆ, ಯಾರೂ ಓದುತ್ತಿಲ್ಲ. ಕಾರಣದ ಪ್ರಕಾರ ವಿಂಗಡಿಸಿ ನೋಡಿದೆ, ಆಗ ಒಂದೇ ಕೋಡ್ ಎರಡು ಕಡೆ ಬರುತ್ತದೆ. ನೀವು ಇದನ್ನು ಹೇಗೆ ಬಿಡಿಸಿದ್ದೀರಿ?" ಎಂದು ಕೇಳಿದೆ. ಅಂದು ಸಂಜೆಯೇ ಒಬ್ಬ ಅಪರಿಚಿತ ಮಹಿಳೆ, ಬಳಕೆದಾರರು ಮುಂದೆ ಏನು ಮಾಡಬೇಕೋ ಅದರ ಪ್ರಕಾರ ವಿಂಗಡಿಸಿ ಎಂದು ಮಾದರಿ ಸಹಿತ ವಿವರಿಸಿದರು. ನಾನು ಹಾಗೆ ಮಾಡಿ, ಏನಾಯಿತೆಂದು ಮೂರು ವಾರದ ಮೇಲೆ ಅಲ್ಲಿಯೇ ಬರೆದೆ. ಎಂಟು ತಿಂಗಳ ಬಳಿಕ ಅವರೇ, ನಮ್ಮಲ್ಲೊಂದು ಕೆಲಸವಿದೆ, ಬರುತ್ತೀರಾ ಎಂದು ಸಂದೇಶ ಕಳಿಸಿದರು. ನಾಲ್ಕು ವರ್ಷ ಅವರೊಂದಿಗೆ ಕೆಲಸ ಮಾಡಿದೆ.

ಆದ್ದರಿಂದ ಮೂರು ಗುಂಪು ಆರಿಸು, ಒಂದರಲ್ಲಿ ಸಕ್ರಿಯವಾಗಿರು, ಎರಡನ್ನು ಓದಿಕೊಂಡಿರು. ವಾರಕ್ಕೆ ಎರಡು ದಿನ ಅರ್ಧ ಗಂಟೆ ಸಾಕು. ನಿನಗೆ ಉತ್ತರ ಗೊತ್ತಿರುವ ಸಣ್ಣ ಪ್ರಶ್ನೆ ಕಂಡರೆ ಹಿಂಜರಿಯದೆ ಉತ್ತರಿಸು, ಮೂರು ವರ್ಷದ ಅನುಭವ ಮೊನ್ನೆ ಸೇರಿದವರಿಗೆ ದೊಡ್ಡದೇ. ಪ್ರಶ್ನೆ ಕೇಳುವಾಗ ಮಾತ್ರ ಕಂಪನಿಯ ನಿಜವಾದ ದತ್ತಾಂಶವನ್ನು, ಗ್ರಾಹಕರ ಹೆಸರನ್ನು ಹಾಕಬೇಡ, ಕಾಲ್ಪನಿಕ ಹತ್ತು ಸಾಲುಗಳ ಕೋಷ್ಟಕ ಮಾಡಿ ಕೇಳು. ಯಾರಾದರೂ ಸಹಾಯ ಮಾಡಿದ ಮರುಕ್ಷಣ ಅವರಿಗೆ ರೆಸ್ಯೂಮೆ ಕಳಿಸಬೇಡ.

ನೀನು ಈಗ ಕೆಲಸದಲ್ಲಿ ನಿಜವಾಗಿ ಸಿಕ್ಕಿಕೊಂಡಿರುವ ಒಂದು ಸಮಸ್ಯೆಯನ್ನು ಐದಾರು ಸಾಲುಗಳಲ್ಲಿ ಬರೆದು ಭಾನುವಾರದೊಳಗೆ ನನಗೆ ಕಳಿಸು, ಇಬ್ಬರೂ ಕೂತು ತಿದ್ದೋಣ. ಆ ಇಪ್ಪತ್ತೆರಡರ ಪಟ್ಟಿಯನ್ನೂ ಜೊತೆಗೆ ಕಳಿಸಿದರೆ ಯಾವುದನ್ನು ಬಿಡಬೇಕೆಂದು ಒಂದೊಂದಾಗಿ ನೋಡಿ ಹೇಳುತ್ತೇನೆ.