ಮಕ್ಕಳ ಸಂಸ್ಥೆಗೆ ವಿಲ್‌ದಾಗ ಏನು ಬರೀಬೇಕು, ಹೊಲಾನೋ ರೊಕ್ಕಾನೋ?

ಕೇಳಿದವರು, ಕಲಬುರಗಿ: ನಮ್ಮ ಕಾಕಾಗ ಮಕ್ಕಳಿಲ್ಲ. ಆಳಂದ ತಾಲ್ಲೂಕಿನಾಗ ನಾಕು ಎಕರೆ ಹೊಲ, ಬ್ಯಾಂಕಿನಾಗ ಎಫ್‌ಡಿ ಅವ. ಒಂದಿಷ್ಟು ಅನಾಥ ಮಕ್ಕಳ ಸಂಸ್ಥೆಗೆ ಹೋಗ್ಲಿ ಅಂತಾರ. ಕಾಕುಗೂ ಉಳೀಬೇಕು. ತಿಳಿದವರು ಹೇಳ್ರಿ.

ಹುಮನಾಬಾದ್: ಹೊಲದ ಮಾತು ಬಿಟ್ಟುಬಿಡ್ರಿ. ಪಹಣಿ ಅಣ್ತಮ್ಮಂದಿರ ಜಂಟಿ ಹೆಸರಿಲೆ ಇದ್ದು ಪೋಡಿ (ಅಳತಿ ಮಾಡಿ ಪಾಲು ಬ್ಯಾರೆ ಮಾಡೋದು) ಆಗಿಲ್ಲಂದ್ರ, ಸಂಸ್ಥೆಯವರು ಮ್ಯುಟೇಶನ್‌ಗೆ, ಅಂದ್ರ ದಾಖಲೆದಾಗ ಹೆಸರು ಬದಲಿ ಮಾಡ್ಸಲಾಕ, ಅರ್ಜಿ ಹಾಕ್ತಾರ, ನೋಟಿಸ್ ಹೋಗ್ತದ, ಯಾರೋ ಒಬ್ಬರು ತಕರಾರು ಕೊಡ್ತಾರ. ವಿಲ್ ಖರೇನೋ ಸುಳ್ಳೋ ಅಂತ ಹೇಳೋದು ಸಿವಿಲ್ ಕೋರ್ಟು, ತಹಶೀಲ್ದಾರರಲ್ಲ. ಅಲ್ಲಿತನಕ ತೊಗರಿ ರಾಶಿ ಯಾರ ಕಬ್ಜಾದಾಗ ಇರ್ತದೋ ಅವರದೇ. ಪಿತ್ರಾರ್ಜಿತ ಇದ್ರಂತೂ ತಮ್ಮ ಪಾಲು ಬಿಟ್ಟು ಒಂದು ಗುಂಟೆ ಬರೀಲಾಕ ಬರಂಗಿಲ್ಲ.

ಶಹಾಪುರ: ರೊಕ್ಕ ಸಲೀಸು ಅಂದ್ಕೊಂಡೀರೇನು? "ಎಫ್‌ಡಿ ನಂಬರ್ ಇಂಥದ್ದು ಸಂಸ್ಥೆಗೆ" ಅಂತ ಬರೀತೀರಿ. ಅದನ್ನ ಮುರಿದು ದವಾಖಾನಿಗೆ ಖರ್ಚು ಮಾಡಿದ್ರ ಆ ದಾನಾನೂ ಅಲ್ಲಿಗೇ ಮುಗೀತು. ರಿನ್ಯೂವಲ್ ಆಗಿ ನಂಬರ್ ಬದಲಾದ್ರ "ಇದು ಆ ಎಫ್‌ಡಿ ಅಲ್ಲ" ಅನ್ನೋ ಜಗಳ ಬ್ಯಾರೆ. ಸಂಸ್ಥೆನ್ನೇ ನಾಮಿನಿ ಮಾಡ್ತೀನಂದ್ರ ಬ್ಯಾಂಕ್ ಒಪ್ಪಂಗಿಲ್ಲ, ನಾಮಿನಿ ಅಂದ್ರ ಮನುಷ್ಯಾನೇ ಆಗಬೇಕು. ಸಾಲ, ಅಂತ್ಯಕ್ರಿಯೆ ಖರ್ಚು ಕಳೆದು ಉಳಿದದ್ದರಾಗ ಶೇಕಡಾ 10 ಅಂತ ಬರೀರಿ.

ಹುಮನಾಬಾದ್: ಶೇಕಡಾ ಬರೆದು ನೋಡ್ರಿ! ಸಂಸ್ಥೆಯವರು ಬಂಗಾರ, ಪ್ಲಾಟು, ಟ್ರ್ಯಾಕ್ಟರ್ ಎಲ್ಲದರ ಲೆಕ್ಕ ಕೇಳ್ತಾರ. ಕೇಳೋ ಹಕ್ಕೂ ಅವರಿಗದ. "ಎರಡು ಲಕ್ಷ, ಇಲ್ಲಾ ಬ್ಯಾಂಕಿನಾಗಿನ ಒಟ್ಟು ಬಾಕಿಯ ಹತ್ತನೇ ಒಂದು ಪಾಲು, ಯಾವುದು ಕಡಿಮಿಯೋ ಅದು." ಮುಗೀತು.

ಶಹಾಪುರ: ಎರಡು ಲಕ್ಷಕ್ಕ ಮಿತಿ ಹಾಕಿ ದಾನಿ ಅನ್ನಿಸ್ಕೊಳ್ಳೋದು ನಿಮ್ಮ ಕಡಿ ರಿವಾಜು ಇರಬೇಕು.

ಬೀದರ್: ಇಬ್ಬರೂ ಮುಖ್ಯದ್ದು ಬಿಟ್ರಿ. "ಅನಾಥಾಶ್ರಮಕ್ಕ" ಅಂತಷ್ಟೇ ಬರೆದ್ರ ಯಾವುದಕ್ಕ? ನೋಂದಣಿ ಪತ್ರದಾಗ ಇದ್ದಂಗ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್, ವಿಳಾಸ ಬೇಕು. ಮಕ್ಕಳನ್ನ ಇಟ್ಕೊಳ್ಳೋ ಸಂಸ್ಥೆ ಆದ್ರ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ನೋಂದಣಿ ಚಾಲ್ತಿ ಅದನೋ ನೋಡ್ರಿ. "ಆ ಸಂಸ್ಥೆ ಮುಚ್ಚಿದ್ರ ಇಂಥದ್ದಕ್ಕ" ಅನ್ನೋ ಎರಡನೇ ಹೆಸರು ಇಲ್ಲಂದ್ರ ರೊಕ್ಕ ತಿರುಗಿ ವಾರಸುದಾರರ ಕಡಿ ಬರೋ ಸಂಭವ ಅದ. ಮುಸ್ಲಿಮರು ಮೂರನೇ ಒಂದು ಪಾಲಿಗಿಂತ ಹೆಚ್ಚು ವಸೀಯತ್ (ವಿಲ್) ಮಾಡಬೇಕಂದ್ರ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರಿಗೆ ಧರ್ಮಾದಾಯದ ಮ್ಯಾಲಿದ್ದ, ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನ ನಿರ್ಬಂಧ ಸುಪ್ರೀಂ ಕೋರ್ಟು 2003ರಾಗೇ ರದ್ದು ಮಾಡ್ಯಾದ, ಇನ್ನೂ ಕೆಲವು ವಕೀಲರು ಅದನ್ನೇ ಹೇಳಿ ಹೆದರಿಸ್ತಾರ.

ಸೇಡಂ: ದಾನಕ್ಕ ಸಿಗೋ ಆದಾಯ ತೆರಿಗೆ ರಿಯಾಯತಿ (80ಜಿ)?

ಬೀದರ್: ಬದುಕಿದ್ದಾಗ ಕೊಟ್ರಷ್ಟೇ.

ಯಾದಗಿರಿ: ರಿಜಿಸ್ಟರ್ ಮಾಡ್ಸದಿದ್ರ ಎಲ್ಲಾ ದಂಡ.

ಶಹಾಪುರ: ತಪ್ಪು. ವಿಲ್ ನೋಂದಣಿ ಕಡ್ಡಾಯ ಅಲ್ಲ, ಸ್ಟಾಂಪ್ ಡ್ಯೂಟಿನೂ ಇಲ್ಲ. ರಿಜಿಸ್ಟರ್ ಆದಮ್ಯಾಲ ಬಿಳಿ ಹಾಳಿ ಮ್ಯಾಲ ಸರಿಯಾಗಿ ಇನ್ನೊಂದು ಬರೆದ್ರ ಹಿಂದಿನದು ಬಿದ್ದುಹೋಗ್ತದ.

ಯಾದಗಿರಿ: ಕಡ್ಡಾಯ ಅಂತ ನಾ ಎಲ್ಲಿ ಅಂದೀನ್ರಿ? ಮನ್ಯಾಗಿನ ಪ್ರತಿ ಹರಿದು ಒಲಿಗೆ ಹಾಕಿದ್ರೂ ಕಚೇರಿದಾಗ ನಕಲು ಉಳೀತದ. ಬರೆದವರು ಬದುಕಿರೋತನಕ ಬ್ಯಾರೆ ಯಾರಿಗೂ ಅದನ್ನ ಕೊಡಂಗಿಲ್ಲ. ನೋಟರಿ ಮುದ್ರಿಯಿಂದ ಇದು ಸಿಗಂಗಿಲ್ಲ.

ಸೇಡಂ: ಕಾಕು ಜೀವನದ ಮಾತು ಯಾರೂ ಆಡವಲ್ರಿ! "ಬಡ್ಡಿ ಅವರು ಇರೋತನಕ ಅವರಿಗೆ, ಆಮ್ಯಾಲ ಅಸಲು ಸಂಸ್ಥೆಗೆ" ಅಂತ ಬರೀಬಹುದು. ಆದ್ರ ಎಫ್‌ಡಿ ಅವರ ಹೆಸರಿಗೇ ಆದ್ರ ಯಾವಾಗ ಬೇಕಾದ್ರೂ ಮುರೀಬಹುದು. ಅದಕ್ಕ ಅಸಲು ಕಾಯ್ಲಾಕ ಎಕ್ಸಿಕ್ಯೂಟರ್, ಅಂದ್ರ ವಿಲ್‌ದಾಗ ಬರೆದಂಗ ನಡೆಸಿಕೊಡೋರ, ಹೆಸರು ಹಾಕ್ರಿ. ಇಬ್ಬರು ಸಾಕ್ಷಿ, ವಯಸ್ಸಿನಾಗ ಕಾಕಾಗಿಂತ ಸಣ್ಣವರು.

ಹುಮನಾಬಾದ್: ಎಕ್ಸಿಕ್ಯೂಟರ್ ಅಣ್ತಮ್ಮಂದಿರಾಗ ಒಬ್ಬ ಆದ್ರ?

ಶಹಾಪುರ: ಮತ್ತ ನಿಮ್ಮ ಅಣ್ತಮ್ಮಂದಿರ ಪುರಾಣ ಸುರು ಆಯ್ತು.