ಸ್ವಂತ ಲಾಂಛನದಲ್ಲಿ ಸಿಂಹ ಇರಲೇಬೇಕಾ?

ಪ್ರಶ್ನೆ:
ಯುರೋಪಿನ ಗುರಾಣಿ ಮಾದರಿಯಲ್ಲಿ ನನ್ನದೇ ಒಂದು ಲಾಂಛನ ಬರೆದುಕೊಳ್ಳುತ್ತಿದ್ದೇನೆ. ನೀಲಿ ಗುರಾಣಿ, ನಡುವೆ ಕೆಂಪು ಸಿಂಹ, ಸುತ್ತ ಪುಸ್ತಕ, ದೀಪ, ಗಡಿಯಾರ. ಗಡಿಯಾರ ಅಪ್ಪನಿಗಾಗಿ. ಅವರು ಜೀವನಪೂರ್ತಿ ವಾಚ್ ರಿಪೇರಿ ಮಾಡಿದವರು. ಕೆಂಪು ಅಂದರೆ ಶೌರ್ಯ, ನೀಲಿ ಅಂದರೆ ಸತ್ಯ ಅಂತ ಒಂದು ಪಟ್ಟಿಯಲ್ಲಿ ಓದಿದೆ. ನಿಜವಾ? ಎಲ್ಲ ಬರೆದ ಮೇಲೆ ಅಪ್ಪನ ಗಡಿಯಾರವೇ ಮೂಲೆಗೆ ಸರಿದಿದೆ. ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1:
ಆ ಪಟ್ಟಿ ಬಿಟ್ಟುಬಿಡಿ. ಬಣ್ಣಕ್ಕೆ ಎಲ್ಲರೂ ಒಪ್ಪಿದ ಒಂದೇ ಅರ್ಥ ಯಾವತ್ತೂ ಇರಲಿಲ್ಲ. ಆದರೆ ಒಂದು ಹಳೆಯ ನಿಯಮ ಇದೆ. ಚಿನ್ನ, ಬೆಳ್ಳಿ (ಅಂದರೆ ಹಳದಿ, ಬಿಳಿ) ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಬಣ್ಣದ ಮೇಲೆ ಬಣ್ಣ ಹಾಕಬಾರದು, ಲೋಹದ ಮೇಲೆ ಲೋಹ ಹಾಕಬಾರದು. ದೂರದಿಂದ ನೋಡಿದರೂ ಗುರುತು ಸಿಗಬೇಕು ಅಲ್ವಾ? ನಿಮ್ಮ ಚಿತ್ರವನ್ನು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ನೀಲಿಯೊಳಗೆ ಕೆಂಪು ಸಿಂಹ ಮುಳುಗಿರುತ್ತದೆ.

ಉತ್ತರ 2:
ಸಿಂಹ ಏಕೆ ಬೇಕು? ಸುಮ್ನೆ ಎಲ್ಲರೂ ಹಾಕುತ್ತಾರೆ ಅಂತಲಾ? ಭೌತವಿಜ್ಞಾನಿ ನೀಲ್ಸ್ ಬೋರ್‌ಗೆ 1947ರಲ್ಲಿ ಡೆನ್ಮಾರ್ಕಿನ ಅತ್ಯುನ್ನತ ಗೌರವವಾದ ಆನೆ ಪದಕ ಸಿಕ್ಕಾಗ ಲಾಂಛನ ಬೇಕಾಯಿತು. ಅವರು ಗುರಾಣಿಯ ಮೇಲೆ ಚೀನಾದ ಯಿನ್-ಯಾಂಗ್ (ಎರಡು ಅರ್ಧಗಳು ಒಂದರೊಳಗೊಂದು ಬಾಗಿ ಸೇರಿದ ವೃತ್ತ) ಇಟ್ಟರು. ವಿರುದ್ಧವಾದವು ಒಂದಕ್ಕೊಂದು ಪೂರಕ ಎನ್ನುವುದು ಅವರ ಧ್ಯೇಯವಾಕ್ಯ. ಅವರ ಭೌತಶಾಸ್ತ್ರವೂ ಅದನ್ನೇ ಹೇಳುತ್ತಿತ್ತು. 1931ರಲ್ಲಿ ಬ್ರಿಟನ್ನಿನ ಬ್ಯಾರನ್ ಪದವಿ ಪಡೆದ ಇನ್ನೊಬ್ಬ ಭೌತವಿಜ್ಞಾನಿ ರುದರ್‌ಫರ್ಡ್ ತಮ್ಮ ಗುರಾಣಿಯನ್ನು ಎರಡು ವಕ್ರರೇಖೆಗಳಿಂದ ಸೀಳಿದರು. ವಿಕಿರಣ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎನ್ನುವ ಅವರದೇ ಗ್ರಾಫ್ ಅದು! ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಿಮ್ಮ ಗ್ರಾಫ್ ನಿಮ್ಮ ಅಪ್ಪನ ಮೇಜಿನ ಮೇಲೇ ಇದೆ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಅಪ್ಪನ ಡಬ್ಬಿ ತೆಗೆದೆ. ಟಿಕ್ ಟಿಕ್ ಸದ್ದಿಗೆ ಕಾರಣವಾದ ಪುಟ್ಟ ಚಕ್ರ ಸಿಕ್ಕಿತು. 15 ಹಲ್ಲು, ಒಂದೊಂದೂ ಬೂಟಿನ ತುದಿಯಂತೆ ಬಾಗಿದೆ. ಸಿಂಹ, ದೀಪ, ಪುಸ್ತಕ ಎಲ್ಲ ತೆಗೆದೆ. ಈಗ ಅದೊಂದೇ ಚಕ್ರ.

ಉತ್ತರ 1:
ಚೆನ್ನಾಗಿದೆ! ಈಗ ಅದನ್ನು ಮಾತಿನಲ್ಲಿ ಬರೆದಿಡಿ. ಲಾಂಛನ ಅಂದರೆ ಚಿತ್ರಕ್ಕಿಂತ ಜಾಸ್ತಿ ಆ ವಾಕ್ಯವೇ. ಅದನ್ನು ಓದಿ ಯಾರು ಹೇಗೆ ಚಿತ್ರ ಬರೆದರೂ ನಿಮ್ಮದೇ ಲಾಂಛನ ಆಗುತ್ತದೆ.

ಪ್ರಶ್ನೆ ಕೇಳಿದವರು:
"ಚಿನ್ನದ ಗುರಾಣಿ, ನಡುವೆ 15 ಹಲ್ಲಿನ ಕಪ್ಪು ಗಡಿಯಾರ ಚಕ್ರ." ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಕಾಣುತ್ತದೆ.